ಸದ್ದಿಲ್ಲದೆ ಸವೆಯುವ ಮೂತ್ರಪಿಂಡ: ದೀರ್ಘಕಾಲಿಕ ಮೂತ್ರಪಿಂಡ ರೋಗದ ವ್ಯಾಪ್ತಿ ಮತ್ತು ಅಪಾಯಕಾರಣಗಳು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಜೇಜುರಿಯನ್ನು ಪರಿಚಯಿಸಬೇಕಾಗಿಲ್ಲ. ಪುರಂದರ ತಾಲ್ಲೂಕಿನ ಆ ಗುಡ್ಡದ ಮೇಲೆ ನೆಲೆಸಿರುವ ಖಂಡೋಬನೇ ನಮ್ಮ ಮೈಲಾರಲಿಂಗ. ಅಲ್ಲಿನ ಮರಾಠಿ ಭಕ್ತರು 'ಯೇಳಕೋಟ' ಎಂದು ಕೂಗುವಾಗ ಅದರೊಳಗೆ ನಮ್ಮ 'ಏಳು ಕೋಟಿ'ಯ ದನಿ ಕೇಳಿಸುತ್ತದೆ. ಹೂವಿನ ಹಡಗಲಿಯ ಮೈಲಾರ, ರಾಣೆಬೆನ್ನೂರಿನ ದೇವರಗುಡ್ಡ, ಬೀದರಿನ ಮೈಲಾರ, ಬೆಳಗಾವಿ ಜಿಲ್ಲೆಯ ಮಂಗಸೂಳಿ ಇವುಗಳಿಗೆ ನಡೆದುಕೊಳ್ಳುವ ಮನೆತನಗಳವರು ಪುಣೆಗೆ ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ಜೇಜುರಿಯ ಮೆಟ್ಟಿಲು ಹತ್ತಿ, ಭಂಡಾರದ ಅರಿಶಿನವನ್ನು ಹಣೆಗೆ ಹಚ್ಚಿಕೊಂಡು ಬರುವುದು ವಾಡಿಕೆ.

2017ರ ಚಂಪಾಷಷ್ಠಿಯ ಸಮಯದಲ್ಲಿ ನಾವೂ ಸಕುಟುಂಬವಾಗಿ ಹೋಗಿದ್ದೆವು. ನನ್ನ ತಾಯಿಯವರಿಗೆ ಆಗ 71 ವರ್ಷ. ಪ್ರತಿ ವರ್ಷವೂ ನಿಧಾನವಾಗಿ, ಆದರೆ ನಿಲ್ಲದೆ ಮೆಟ್ಟಿಲು ಹತ್ತುತ್ತಿದ್ದ ಅವರು ಅಂದು ಅರ್ಧ ದಾರಿಯಲ್ಲಿ ಕುಳಿತುಬಿಟ್ಟರು. ಉಸಿರು ಕಟ್ಟುತ್ತಿತ್ತು, ಪಾದಗಳು ಬಾತಿದ್ದವು. "ವಯಸ್ಸಾಯಿತಪ್ಪ, ನೀವು ಹೋಗಿ ಬನ್ನಿ, ನಾನಿಲ್ಲಿಂದಲೇ ಕೈಮುಗಿಯುತ್ತೇನೆ" ಎಂದರು. ನಾವೂ ವಯಸ್ಸೇ ಎಂದುಕೊಂಡೆವು. ಮರುವಾರ ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 5.8 ಎಂದು ಬಂದಿತು. ಎರಡೂ ಮೂತ್ರಪಿಂಡಗಳು ಬಹುಪಾಲು ನಿಂತುಹೋಗಿದ್ದವು.

ನಾನು ವೈದ್ಯನಲ್ಲ, ಕಲಾ ಪದವೀಧರ, ಬ್ಯಾಂಕಿನ ನೌಕರ. ಆ ದಿನದಿಂದ ಈ ರೋಗದ ಕುರಿತು ಓದಿ, ತಜ್ಞರನ್ನು ಕೇಳಿ ತಿಳಿದುಕೊಂಡ ವಿಷಯಗಳನ್ನು ನಮ್ಮ ಸಂಘದ ಕುಟುಂಬಗಳಿಗೆ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಇಟ್ಟಿದ್ದೇನೆ.

ಮೂತ್ರಪಿಂಡಗಳ ಕೆಲಸ

ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ, ಪಕ್ಕೆಲುಬುಗಳ ಕೆಳತುದಿಯ ಬಳಿ, ಮುಷ್ಟಿಯಷ್ಟು ದೊಡ್ಡದಾದ ಎರಡು ಮೂತ್ರಪಿಂಡಗಳಿರುತ್ತವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಹೃದಯವು ಹೊರಹಾಕುವ ರಕ್ತದ ಐದನೆಯ ಒಂದು ಪಾಲು ಇವುಗಳ ಮೂಲಕವೇ ಹಾದುಹೋಗುತ್ತದೆ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸರಾಸರಿ ಹತ್ತು ಲಕ್ಷದಷ್ಟು 'ನೆಫ್ರಾನ್' ಎಂಬ ಸೂಕ್ಷ್ಮ ಶೋಧಕಗಳಿವೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಇವುಗಳಲ್ಲಿ ಸೋಸಲ್ಪಡುತ್ತದೆ. ಅದರಲ್ಲಿ ಬಹುಪಾಲು ಮತ್ತೆ ರಕ್ತವನ್ನು ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ.

ಕಲ್ಮಶ ನಿವಾರಣೆಯಷ್ಟೇ ಇವುಗಳ ಕೆಲಸವಲ್ಲ. ರಕ್ತದೊತ್ತಡವನ್ನು ಹದದಲ್ಲಿರಿಸುವುದು, ಲವಣ ಮತ್ತು ಆಮ್ಲಗಳ ಸಮತೋಲನ ಕಾಯುವುದು, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ನೀಡುವುದು, ಮೂಳೆಗಳ ಬಲಕ್ಕೆ ಬೇಕಾದ 'ಡಿ' ಜೀವಸತ್ವವನ್ನು ಸಕ್ರಿಯಗೊಳಿಸುವುದು ಇವೂ ಅವುಗಳದೇ ಹೊಣೆ. ಆದಕಾರಣವೇ ಮೂತ್ರಪಿಂಡ ಸೋತಾಗ ರಕ್ತಹೀನತೆ, ಮೂಳೆನೋವು, ಏರಿದ ರಕ್ತದೊತ್ತಡ, ಉಬ್ಬಸ ಎಲ್ಲವೂ ಒಟ್ಟಾಗಿ ಬರುತ್ತವೆ.

ಒಮ್ಮೆ ನಾಶವಾದ ನೆಫ್ರಾನು ಮರಳಿ ಹುಟ್ಟುವುದಿಲ್ಲ. ಉಳಿದವು ಹೆಚ್ಚಿನ ಹೊರೆ ಹೊತ್ತು ಕೆಲಸ ಸಾಗಿಸುತ್ತವೆ. ಈ ಔದಾರ್ಯವೇ ನಮಗೆ ಮುಳುವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ನಷ್ಟವಾದರೂ ನೋವಿಲ್ಲ, ಜ್ವರವಿಲ್ಲ, ಮೂತ್ರದ ಪ್ರಮಾಣವೂ ಕಡಿಮೆಯಾಗುವುದಿಲ್ಲ. ಕಾಲು ಬಾವು, ವಾಕರಿಕೆ, ತುರಿಕೆ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುವಷ್ಟರಲ್ಲಿ ಬಹುಪಾಲು ಕಳೆದುಹೋಗಿರುತ್ತದೆ.

ರೋಗದ ವ್ಯಾಖ್ಯೆ ಮತ್ತು ಹಂತಗಳು

ಮೂತ್ರಪಿಂಡಕ್ಕೆ ಹಾನಿಯಾಗಿರುವ ಲಕ್ಷಣಗಳು, ಉದಾಹರಣೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುವುದು, ಅಥವಾ ಸೋಸುವ ವೇಗವು ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕಡಿಮೆಯಾಗಿರುವುದು, ಈ ಎರಡರಲ್ಲಿ ಒಂದಾದರೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅದು ದೀರ್ಘಕಾಲಿಕ ಮೂತ್ರಪಿಂಡ ರೋಗ. 2002ರಲ್ಲಿ ಅಮೆರಿಕದ ತಜ್ಞರು ರೂಪಿಸಿದ ಈ ವ್ಯಾಖ್ಯೆಯನ್ನು ಇಂದು ಎಲ್ಲ ದೇಶಗಳೂ ಅನುಸರಿಸುತ್ತವೆ. ಆರೋಗ್ಯವಂತ ಯುವಕರಲ್ಲಿ ಸೋಸುವ ವೇಗವು 100ರಿಂದ 120ರಷ್ಟಿರುತ್ತದೆ.

ರೋಗಕ್ಕೆ ಐದು ಹಂತಗಳಿವೆ. ಸೋಸುವ ವೇಗ 90 ಅಥವಾ ಅದಕ್ಕಿಂತ ಹೆಚ್ಚಿದ್ದು ಹಾನಿಯ ಲಕ್ಷಣವಿದ್ದರೆ ಮೊದಲನೆಯದು. 60ರಿಂದ 89ರವರೆಗೆ ಇದ್ದು ಹಾನಿಯ ಲಕ್ಷಣವಿದ್ದರೆ ಎರಡನೆಯದು. 30ರಿಂದ 59 ಮೂರನೆಯದು. 15ರಿಂದ 29 ನಾಲ್ಕನೆಯದು. 15ಕ್ಕಿಂತ ಕೆಳಗಿಳಿದರೆ ಐದನೆಯದು, ಅಂದರೆ ಮೂತ್ರಪಿಂಡ ವೈಫಲ್ಯ. ಡಯಾಲಿಸಿಸ್ ಅಥವಾ ಕಸಿಯ ಪ್ರಶ್ನೆ ಬರುವುದು ಈ ಕೊನೆಯ ಹಂತದಲ್ಲಿ.

ಎಷ್ಟು ಜನರಿಗಿದೆ?

2025ರ ನವೆಂಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ 2023ರಲ್ಲಿ ಲೋಕದ ಸುಮಾರು 78.8 ಕೋಟಿ ವಯಸ್ಕರಿಗೆ ಈ ರೋಗವಿತ್ತು. ಅಂದರೆ ವಯಸ್ಕರಲ್ಲಿ ಶೇಕಡಾ 14. 1990ರಲ್ಲಿ ಈ ಸಂಖ್ಯೆ 37.8 ಕೋಟಿಯಾಗಿತ್ತು. 2023ರಲ್ಲಿ ಇದರಿಂದ ಸತ್ತವರು ಸುಮಾರು 15 ಲಕ್ಷ ಮಂದಿ. ಮರಣಕಾರಣಗಳ ಪಟ್ಟಿಯಲ್ಲಿ ಇದು ಒಂಬತ್ತನೆಯ ಸ್ಥಾನಕ್ಕೇರಿತು. ರೋಗಿಗಳ ಸಂಖ್ಯೆಯಲ್ಲಿ ಚೀನಾ ಮೊದಲನೆಯದಾದರೆ, ಸುಮಾರು 13.8 ಕೋಟಿ ರೋಗಿಗಳಿರುವ ಭಾರತವು ಎರಡನೆಯದು. 2025ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಮೂತ್ರಪಿಂಡ ಆರೋಗ್ಯದ ಬಗೆಗೆ ಪ್ರತ್ಯೇಕ ನಿರ್ಣಯವನ್ನು ಅಂಗೀಕರಿಸಿದ್ದು ಈ ಹಿನ್ನೆಲೆಯಲ್ಲಿಯೇ.

ನಮ್ಮ ದೇಶದೊಳಗಿನ ಸಮೀಕ್ಷೆಗಳ ಅಂಕಿಗಳು ಒಂದಕ್ಕೊಂದು ಬಹಳ ಭಿನ್ನವಾಗಿ ಕಾಣುತ್ತವೆ. 2005ರಲ್ಲಿ ಪ್ರಕಟವಾದ ದೆಹಲಿಯ ಸಮೀಕ್ಷೆಯು ವಯಸ್ಕರಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಜನರಿಗೆ ರೋಗವಿದೆಯೆಂದಿತು. 2013ರಲ್ಲಿ ಪ್ರಕಟವಾದ, ದೇಶದ ಹದಿಮೂರು ಕೇಂದ್ರಗಳ 'ಸೀಕ್' ಅಧ್ಯಯನವು ಶೇಕಡಾ 17.2 ಎಂದಿತು. ಎಂಟು ವರ್ಷಗಳಲ್ಲಿ ರೋಗವು ಇಪ್ಪತ್ತು ಪಟ್ಟು ಬೆಳೆಯಿತೆಂದು ಇದರ ಅರ್ಥವಲ್ಲ. ಅಳತೆಗೋಲು ಬೇರೆ, ಪರೀಕ್ಷೆಗೊಳಗಾದ ಜನರೂ ಬೇರೆ. ದೆಹಲಿಯವರು ಕ್ರಿಯಾಟಿನಿನ್ 1.8ನ್ನು ಮೀರಿದವರನ್ನಷ್ಟೇ ಎಣಿಸಿದರು. 'ಸೀಕ್' ಅಧ್ಯಯನದವರು ಮೂತ್ರದಲ್ಲಿ ಪ್ರೋಟೀನು ಸೋರುವ ಆರಂಭದ ಹಂತದವರನ್ನೂ ಸೇರಿಸಿಕೊಂಡರು. ಅವರ ಲೆಕ್ಕದಲ್ಲಿ ಮೂರನೆಯ ಹಂತ ಅಥವಾ ಅದಕ್ಕೂ ಮುಂದಿನ ಹಂತದಲ್ಲಿದ್ದವರು ಶೇಕಡಾ 6ರಷ್ಟು.

ಕರ್ನಾಟಕದ ಮಟ್ಟಿಗೆ ಗಮನಾರ್ಹವಾದುದು ಶಿವಮೊಗ್ಗ ಜಿಲ್ಲೆಯ ಗ್ರಾಮೀಣ ಸಮೀಕ್ಷೆ. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 2,091 ವಯಸ್ಕರನ್ನು ಪರೀಕ್ಷಿಸಲಾಯಿತು. ಒಂದು ಸೂತ್ರದಂತೆ ಲೆಕ್ಕ ಹಾಕಿದಾಗ ಶೇಕಡಾ 6.3 ಜನರಿಗೂ, ಮತ್ತೊಂದು ಸೂತ್ರದಂತೆ ಶೇಕಡಾ 16ಕ್ಕೂ ಹೆಚ್ಚು ಜನರಿಗೂ ರೋಗವಿದೆಯೆಂದು ಕಂಡುಬಂದಿತು. ಕನಿಷ್ಠ ಅಂಕಿಯನ್ನೇ ಹಿಡಿದರೂ ಹದಿನಾರು ಜನರಲ್ಲಿ ಒಬ್ಬರು. ಹೊಲಗದ್ದೆಗಳಲ್ಲಿ ದುಡಿಯುವ ಹಳ್ಳಿಯವರಿಗೆ ಇಂಥ ರೋಗ ಬರುವುದಿಲ್ಲವೆಂಬ ನಮ್ಮ ನಂಬಿಕೆಗೆ ಆಧಾರವಿಲ್ಲವೆಂಬುದು ಇದರಿಂದ ಸ್ಪಷ್ಟ.

ಅಪಾಯವನ್ನು ಹೆಚ್ಚಿಸುವ ಕಾರಣಗಳು

1. ಮಧುಮೇಹ: 2005ರಲ್ಲಿ ಆರಂಭವಾದ ಭಾರತದ ಮೂತ್ರಪಿಂಡ ರೋಗಿಗಳ ನೋಂದಣಿಯಲ್ಲಿ ಐವತ್ತೆರಡು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಪರಿಶೀಲಿಸಿದಾಗ ಶೇಕಡಾ 31 ಜನರಲ್ಲಿ ಮಧುಮೇಹವೇ ಮೂಲಕಾರಣವಾಗಿತ್ತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅಧಿಕ ಸಕ್ಕರೆಯು ವರ್ಷಾನುಗಟ್ಟಲೆ ಶೋಧಕಗಳ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ; ಮೊದಲ ಸೂಚನೆ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸುವುದು.

2. ರಕ್ತದ ಒತ್ತಡ: ಇದು ಕಾರಣವೂ ಹೌದು, ಪರಿಣಾಮವೂ ಹೌದು. ಏರಿದ ಒತ್ತಡ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡ ಒತ್ತಡವನ್ನು ಮತ್ತಷ್ಟು ಏರಿಸುತ್ತದೆ. ಮೇಲೆ ಹೇಳಿದ 2023ರ ಅಧ್ಯಯನದಂತೆ ನಮ್ಮ ವಯಸ್ಕರಲ್ಲಿ ಮೂರನೆಯ ಒಂದು ಭಾಗದವರಿಗೆ ಅಧಿಕ ರಕ್ತದೊತ್ತಡವಿದೆ.

3. ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಮ್ಮಲ್ಲಿನ ಬಳಕೆ ವಿವಿಧ ಅಧ್ಯಯನಗಳಂತೆ 8ರಿಂದ 11 ಗ್ರಾಂ. 'ಉಪ್ಪಿಗಿಂತ ರುಚಿಯಿಲ್ಲ' ಎಂಬ ಗಾದೆ ನಮ್ಮದು. ಪಲ್ಯ, ಸಾರುಗಳ ಉಪ್ಪಿನ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಪುಣೆಗೆ ಬಂದ ಮೇಲೆ ಕಲಿತ ಫರಸಾಣ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೋಗ ಈಗಾಗಲೇ ಇರುವವರು 'ಕಡಿಮೆ ಸೋಡಿಯಂ' ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಅದರಲ್ಲಿರುವ ಪೊಟ್ಯಾಸಿಯಂ ಅವರ ಹೃದಯಕ್ಕೆ ಅಪಾಯಕಾರಿಯಾದೀತು.

4. ನೋವುನಿವಾರಕ ಮಾತ್ರೆಗಳು: ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸುತ್ತವೆ. ವೃದ್ಧರು, ಮಧುಮೇಹಿಗಳು, ಒತ್ತಡಕ್ಕೆ ಮಾತ್ರೆ ನುಂಗುವವರು ಮಂಡಿನೋವಿಗೆಂದು ಇವನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಹಾನಿ ಖಚಿತವೆನ್ನುವಷ್ಟು ಹತ್ತಿರ. ನನ್ನ ತಾಯಿಯವರು ಔಷಧದಂಗಡಿಯಿಂದ ತಾವೇ ತರಿಸಿಕೊಂಡು ಆರೇಳು ವರ್ಷ ನುಂಗಿದ್ದರು.

5. ನಾಟಿ ಔಷಧ ಮತ್ತು ಸೌಂದರ್ಯಸಾಧನಗಳು: 1993ರಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮೂಲಿಕೆ ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ನಾಶವಾದುದು ವರದಿಯಾಯಿತು; ದೋಷ ಅರಿಸ್ಟೊಲೋಕಿಕ್ ಆಮ್ಲವೆಂಬ ಸಸ್ಯವಿಷದ್ದಾಗಿತ್ತು. ಇತ್ತೀಚೆಗೆ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಪಾದರಸ ಬೆರೆತ ಬಿಳುಪಿನ ಕ್ರೀಮುಗಳಿಂದಾದ ಮೂತ್ರಪಿಂಡ ರೋಗವನ್ನು ಗುರುತಿಸಿದರು. ಹೆಸರು, ವಿಳಾಸ, ಘಟಕಾಂಶಗಳ ವಿವರವಿಲ್ಲದ ಭಸ್ಮ, ಪುಡಿ, ಕ್ರೀಮುಗಳಿಂದ ದೂರವಿರುವುದು ಲೇಸು. ಕರಾವಳಿಯವರು ಬಿಂಬುಳಿಯ ರಸವನ್ನು ಕೊಲೆಸ್ಟರಾಲಿಗೆ ಮದ್ದೆಂದು ಲೋಟಗಟ್ಟಲೆ ಕುಡಿಯುವುದುಂಟು. ಅದರ ಆಕ್ಸಲೇಟಿನಿಂದ ಮೂತ್ರಪಿಂಡ ಹಠಾತ್ತನೆ ಸೋತ ನಿದರ್ಶನಗಳು ಕೇರಳದಿಂದ ವರದಿಯಾಗಿವೆ. ಧಾರೆಹುಳಿಯೂ ಮೂತ್ರಪಿಂಡ ರೋಗಿಗಳಿಗೆ ವರ್ಜ್ಯ. ಅಡುಗೆಯ ಅರಿಶಿನದಿಂದ ತೊಂದರೆಯಿಲ್ಲ. ಅರಿಶಿನದ ಮಾತ್ರೆಗಳನ್ನು ಅಧಿಕವಾಗಿ ಸೇವಿಸುವುದು ಮಾತ್ರ ಕಲ್ಲಿನ ತೊಂದರೆಯುಳ್ಳವರಿಗೆ ತಕ್ಕುದಲ್ಲ.

6. ಹುಟ್ಟಿನ ತೂಕ: ಇದು ಅನೇಕರಿಗೆ ಹೊಸ ವಿಷಯ. ನೆಫ್ರಾನುಗಳ ಸಂಖ್ಯೆ ತಾಯಿಯ ಗರ್ಭದಲ್ಲಿಯೇ ನಿಶ್ಚಿತವಾಗುತ್ತದೆ. ಕಡಿಮೆ ತೂಕದ ಶಿಶುವಿಗೆ ನೆಫ್ರಾನುಗಳೂ ಕಡಿಮೆ. ಮುಂದೆ ಒತ್ತಡ, ಮೂತ್ರಪಿಂಡ ರೋಗಗಳ ಸಂಭವ ಹೆಚ್ಚು ಎಂಬ ವಾದವನ್ನು 1988ರಲ್ಲಿ ಬ್ರೆನರ್ ಎಂಬ ವಿಜ್ಞಾನಿ ಮುಂದಿಟ್ಟರು. ನಮ್ಮ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವು, ನಮ್ಮ ಶಿಶುಗಳು ತೂಕದಲ್ಲಿ ಚಿಕ್ಕದಾಗಿದ್ದರೂ ಮೈಯಲ್ಲಿ ಕೊಬ್ಬನ್ನು ಉಳಿಸಿಕೊಂಡೇ ಹುಟ್ಟುತ್ತವೆಂದು ತೋರಿಸಿ, ಭಾರತೀಯರಲ್ಲಿ ಮಧುಮೇಹ ಬೇಗ ಬರುವುದರ ಮೂಲದ ಕಡೆಗೆ ಲೋಕದ ಗಮನ ಸೆಳೆಯಿತು. ಗರ್ಭಿಣಿಯ ಊಟ ಮಗುವಿನ ಐವತ್ತನೆಯ ವರ್ಷದ ಆರೋಗ್ಯದವರೆಗೂ ಚಾಚಿಕೊಂಡಿದೆ.

7. ಬಿಸಿಲು ಮತ್ತು ನೀರಡಿಕೆ: ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ, ಶ್ರೀಲಂಕೆಯ ಉತ್ತರ ಮಧ್ಯ ಪ್ರಾಂತ್ಯ, ಮಧ್ಯ ಅಮೆರಿಕದ ಕಬ್ಬಿನ ಪ್ರದೇಶಗಳು ಈ ಮೂರೂ ಕಡೆ ಸಕ್ಕರೆ ಕಾಯಿಲೆ, ಒತ್ತಡ ಇಲ್ಲದ ಕೃಷಿಕಾರ್ಮಿಕರಲ್ಲಿ ಈ ರೋಗ ವ್ಯಾಪಕವಾಗಿದೆ. ಬಿಸಿಲಿನ ದುಡಿಮೆ, ನಿರ್ಜಲತೆ, ಕೀಟನಾಶಕ, ಕುಡಿಯುವ ನೀರು ಹೀಗೆ ಹಲವು ಕಾರಣಗಳನ್ನು ಶಂಕಿಸಲಾಗಿದ್ದು, ಸಂಶೋಧನೆ ಮುಂದುವರಿದಿದೆ.

8. ಇತರ ಕಾರಣಗಳು: ಅರವತ್ತು ದಾಟಿದ ವಯಸ್ಸು, ಬೊಜ್ಜು, ಧೂಮಪಾನ, ಹೃದ್ರೋಗ, ಮರುಕಳಿಸುವ ಮೂತ್ರದ ಸೋಂಕು, ಮೂತ್ರಕೋಶದ ಕಲ್ಲು, ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತದಿಂದಾಗುವ ತಡೆ, ಬಸುರಿನಲ್ಲಿ ಏರಿದ ಒತ್ತಡ, ಹಿಂದೊಮ್ಮೆ ಆಗಿದ್ದ ಹಠಾತ್ ಮೂತ್ರಪಿಂಡ ವೈಫಲ್ಯ. ಅನುವಂಶಿಕವಾದ ನೀರ್ಗುಳ್ಳೆಗಳ ಮೂತ್ರಪಿಂಡ ರೋಗದಲ್ಲಿ ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ವರದಿಯನ್ನು ಓದುವ ಬಗೆ

ಬೇಕಾದ ಪರೀಕ್ಷೆಗಳು ಮೂರೇ: ರಕ್ತದೊತ್ತಡ, ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ. ಅನುಪಾತವು 30ನ್ನು ಮುಟ್ಟಿದರೆ ಎಚ್ಚರಿಕೆಯ ಗಂಟೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ರಿಯಾಟಿನಿನ್ ಅಂಕಿಯನ್ನು ಒಂಟಿಯಾಗಿ ನೋಡಬಾರದು. ಅದು ಸ್ನಾಯುಗಳಿಂದ ಹುಟ್ಟುವ ವಸ್ತು. ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಅದರಿಂದ ಸೋಸುವ ವೇಗವನ್ನು ಲೆಕ್ಕಹಾಕಬೇಕು. 25 ವರ್ಷದ ತರುಣನಿಗೆ ಕ್ರಿಯಾಟಿನಿನ್ 1.2 ಇದ್ದರೆ, 2021ರ ಸೂತ್ರದಂತೆ ಅವನ ವೇಗ ಸುಮಾರು 86. ಅದೇ 1.2, 65 ವರ್ಷದ ಮಹಿಳೆಗಾದರೆ ಸುಮಾರು 50, ಅಂದರೆ ಆಗಲೇ ಮೂರನೆಯ ಹಂತ.

ಈ ಉದಾಹರಣೆ ಕಾಲ್ಪನಿಕವಲ್ಲ. ತಾಯಿಯವರ ಹಳೆಯ ವರದಿಗಳನ್ನು ನಾನು ಕಪಾಟಿನಿಂದ ತೆಗೆದು ದಿನಾಂಕದ ಕ್ರಮದಲ್ಲಿ ಜೋಡಿಸಿದೆ. 2011ರಲ್ಲಿ 1.2, 2013ರಲ್ಲಿ 1.6, 2015ರಲ್ಲಿ 2.4. ಸೋಸುವ ವೇಗದ ಲೆಕ್ಕದಲ್ಲಿ ಅದು 50, 35, 21. ಜೇಜುರಿಯ ಮೆಟ್ಟಿಲಲ್ಲಿ ಕುಳಿತ ದಿನ ಅದು 7. ಮೊದಲನೆಯ ವರದಿಯಲ್ಲಿ ಅಂಕಿಯು ಮುದ್ರಿತ ಮಿತಿಯೊಳಗೇ ಇತ್ತು. ಮುಂದಿನ ಎರಡರಲ್ಲಿ ಅದರ ಪಕ್ಕದಲ್ಲಿ ಗುರುತಿತ್ತು; ನಾವು ಮನೆಯವರೆಲ್ಲ ಸಕ್ಕರೆಯ ಅಂಕಿ ನೋಡಿ ಕಾಗದ ಮಡಚಿಟ್ಟಿದ್ದೆವು. ದಿನವಿಡೀ ಇತರರ ಖಾತೆಯ ಶಿಲ್ಕನ್ನು ಸಾಲಿನಿಂದ ಸಾಲಿಗೆ ತಾಳೆ ನೋಡುವ ನಾನು, ಹೆತ್ತ ತಾಯಿಯ ಖಾತೆಯಲ್ಲಿ ಶಿಲ್ಕು ಕರಗುತ್ತಿದ್ದುದನ್ನು ನೋಡಲಿಲ್ಲ.

ತಡೆ ಮತ್ತು ಚಿಕಿತ್ಸೆ

ಮೊದಲ ಮೂರು ಹಂತಗಳಲ್ಲಿ ಪತ್ತೆಯಾದರೆ ರೋಗದ ವೇಗವನ್ನು ಬಹುಮಟ್ಟಿಗೆ ತಗ್ಗಿಸಬಹುದು. ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಉಪ್ಪಿನ ಮಿತಿ, ಧೂಮಪಾನ ತ್ಯಾಗ ಇವು ಬುನಾದಿ. ಒತ್ತಡದ ಔಷಧಗಳಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಮುಂತಾದವು ಪ್ರೋಟೀನಿನ ಸೋರಿಕೆಯನ್ನೂ ತಗ್ಗಿಸುತ್ತವೆ. 2019ರಿಂದ 2022ರವರೆಗೆ ಪ್ರಕಟವಾದ ದೊಡ್ಡ ಪ್ರಯೋಗಗಳು ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ವರ್ಗದ ಔಷಧಗಳು ಮೂತ್ರಪಿಂಡವನ್ನೂ ರಕ್ಷಿಸುತ್ತವೆಂದು, ಅದೂ ಮಧುಮೇಹವಿಲ್ಲದವರಲ್ಲಿಯೂ, ತೋರಿಸಿದವು. ಡಾಪಾಗ್ಲಿಫ್ಲೋಜಿನ್ ಔಷಧದ ಮೂಲ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ ಔಷಧದ್ದು 2025ರ ಮಾರ್ಚಿನಲ್ಲಿ ಭಾರತದಲ್ಲಿ ಮುಗಿದುದರಿಂದ ಇವು ಮಧ್ಯಮವರ್ಗದ ಕೈಗೆಟುಕುವಂತಾಗಿವೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ವೈಫಲ್ಯದ ಹಂತದಲ್ಲಿ ಉಳಿಯುವುದು ಡಯಾಲಿಸಿಸ್ ಅಥವಾ ಕಸಿ. ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕೆಂಬುದು ನಿಯಮ. ಖರ್ಚಿನ ಕಾರಣ ನಮ್ಮಲ್ಲಿ ಅನೇಕರು ಎರಡಕ್ಕೇ ನಿಲ್ಲಿಸುತ್ತಾರೆ. ಠೇವಣಿಯನ್ನು ಅವಧಿಗೆ ಮುನ್ನ ಮುರಿಯಲು, ಒಡವೆ ಅಡವಿಡಲು ಬಂದವರನ್ನು ಕಾರಣ ಕೇಳಿದಾಗ ಈ ರೋಗದ ಹೆಸರನ್ನು ನಾನು ಹಲವು ಬಾರಿ ಕೇಳಿದ್ದೇನೆ. ಬಡ ಕುಟುಂಬಗಳಿಗಾಗಿ 2016ರಲ್ಲಿ ಘೋಷಿತವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಸೇವೆ ಇದೆ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿಯೂ ಅವಕಾಶವಿದೆ. ಅಂಗದಾನವು 1994ರ ಕಾಯಿದೆಗೆ ಒಳಪಟ್ಟಿದೆ. ಮೃತರ ಅಂಗದಾನವನ್ನು ಪುಣೆಯಲ್ಲಿ ವಲಯ ಕಸಿ ಸಮನ್ವಯ ಕೇಂದ್ರವೂ, ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆಯೂ ನಿರ್ವಹಿಸುತ್ತವೆ.

ಜೇಜುರಿಗೆ ಹೊರಡುವ ಹಿರಿಯರಿಗೆ

ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕಲ್ಲು ಮೆಟ್ಟಿಲುಗಳು ಬೇಗನೆ ಕಾಯುತ್ತವೆ. ಬೆಳಗಿನ ತಂಪಿನಲ್ಲಿಯೇ ಹತ್ತಿರಿ. ನೀರು ಜೊತೆಗಿರಲಿ, ಆದರೆ ರೋಗ ಇರುವವರು ಎಷ್ಟು ಕುಡಿಯಬೇಕೆಂಬುದನ್ನು ವೈದ್ಯರಿಂದ ಮೊದಲೇ ತಿಳಿದುಕೊಳ್ಳಿ. ಹತ್ತುವ ಮುನ್ನ ಮಂಡಿನೋವಿಗೆ ಮಾತ್ರೆ ನುಂಗುವ ಅಭ್ಯಾಸವನ್ನು ಬಿಡಿ; ಉಪವಾಸ, ಬಿಸಿಲು, ನೋವಿನ ಮಾತ್ರೆ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು. ಕಳೆದ ವರ್ಷ ಹತ್ತಿದವರು ಈ ವರ್ಷ ಕುಳಿತರೆ 'ವಯಸ್ಸಾಯಿತು' ಎಂದು ಸುಮ್ಮನಾಗಬೇಡಿ.

ನನ್ನ ತಾಯಿಯವರು ಡಯಾಲಿಸಿಸ್ ನೆರವಿನಿಂದ ಎರಡೂವರೆ ವರ್ಷ ನಮ್ಮೊಂದಿಗಿದ್ದರು. ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿ, ಪಕ್ಕದ ರೋಗಿಗಳಿಗೆ ಮರಾಠಿಯಲ್ಲಿ ಧೈರ್ಯ ಹೇಳುತ್ತಿದ್ದರು. ಮತ್ತೆ ಮೆಟ್ಟಿಲು ಹತ್ತಲಾಗಲಿಲ್ಲ. ನಾವು ತಂದ ಭಂಡಾರವನ್ನೇ ಹಚ್ಚಿಕೊಂಡರು.

ಮಾರ್ಚ್ ತಿಂಗಳ ಎರಡನೆಯ ಗುರುವಾರವನ್ನು 2006ರಿಂದ ವಿಶ್ವ ಮೂತ್ರಪಿಂಡ ದಿನವೆಂದು ಆಚರಿಸಲಾಗುತ್ತಿದೆ. ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಇಂದು ಸಂಜೆಯೇ ಮನೆಯ ಹಿರಿಯರ ವರದಿಗಳನ್ನು ತೆಗೆದು, ಒಂದು ಹಾಳೆಯ ಮೇಲೆ ದಿನಾಂಕ ಮತ್ತು ಕ್ರಿಯಾಟಿನಿನ್ ಅಂಕಿಗಳನ್ನು ಒಂದರ ಕೆಳಗೊಂದು ಬರೆದುನೋಡಿ. ಅಂಕಿ ಏರುತ್ತಿದ್ದರೆ ನಾಳೆಯೇ ವೈದ್ಯರ ಬಳಿ ಹೋಗಿ. ಮೈಲಾರಲಿಂಗನು ಎಲ್ಲರಿಗೂ ಆಯುರಾರೋಗ್ಯವನ್ನು ಕರುಣಿಸಲಿ.